ಹೊಸೂರಿನ ಮೊದಲ ರೈಲು ನಿಲ್ದಾಣ

ಬೆಂಗಳೂರಿಗೆ ಆಗ್ನೇಯದಲ್ಲಿ ಸುಮಾರು 40 ಕಿಲೋಮೀಟರು ದೂರದಲ್ಲಿರುವ ಹೊಸೂರಿಗೆ ಇಂದು ರೈಲು ಬರುವುದನ್ನು ಎಲ್ಲರೂ ಬಲ್ಲರು. ಆದರೆ ಇದಕ್ಕೆ ಮುಂಚೆ ಅಲ್ಲಿ ಇನ್ನೊಂದು ನಿಲ್ದಾಣವಿದ್ದು, 1913ರಲ್ಲಿ ತೆರೆದು 1941ರಲ್ಲಿ ಮುಚ್ಚಿಹೋಯಿತೆಂಬುದು ಬಹುಮಂದಿಗೆ ತಿಳಿಯದು. ಕನ್ನಡ, ತೆಲುಗು, ತಮಿಳುಗಳು ಕೂಡಿ ಬಾಳಿದ ಆ ಗಡಿಸೀಮೆಯ ಚರಿತ್ರೆಯಲ್ಲಿ ಈ 28 ವರ್ಷಗಳ ವೃತ್ತಾಂತಕ್ಕೆ ತಕ್ಕ ಸ್ಥಾನ ಇನ್ನೂ ದೊರೆತಿಲ್ಲ.

ಮಾರ್ಗದ ಮೂಲವು ಬರಗಾಲದಲ್ಲಿದೆ. 1876–78ರ ಮಹಾಕ್ಷಾಮವು, ಹಿರಿಯರು ಧಾತು ಈಶ್ವರ ಸಂವತ್ಸರಗಳ ಬರವೆಂದು ನೆನೆಯುತ್ತಿದ್ದುದು ಇದನ್ನೇ, ಮೈಸೂರು ಸೀಮೆಯನ್ನೂ ಸೇಲಂ ಜಿಲ್ಲೆಯನ್ನೂ ಸಮನಾಗಿ ಹಿಂಡಿತು. ಬಳಿಕ ನೇಮಕಗೊಂಡ ಕ್ಷಾಮ ಆಯೋಗವು 1880ರಲ್ಲಿ ಧಾನ್ಯ ಸಾಗಣೆಗೆ ರೈಲುಮಾರ್ಗಗಳು ಅವಶ್ಯವೆಂದು ಅಭಿಪ್ರಾಯಪಟ್ಟಿತು. ತರುವಾಯ ಸೇಲಂ ಜಿಲ್ಲೆಯಲ್ಲಿ ಎರಡೂವರೆ ಅಡಿ ಅಗಲದ ಎರಡು ಕ್ಷಾಮರಕ್ಷಕ ಮಾರ್ಗಗಳು ಹುಟ್ಟಿದುವು: 1905ರಲ್ಲಿ ತಿರುಪ್ಪತ್ತೂರಿನಿಂದ ಕೃಷ್ಣಗಿರಿಗೆ, 1906ರಲ್ಲಿ ಮೊರಪ್ಪೂರಿನಿಂದ ಧರ್ಮಪುರಿಗೆ. ಎರಡನೆಯದೇ ಪಾಲಕ್ಕೋಡು, ರಾಯಕೋಟೆಗಳ ಮೇಲೆ ಹಾದು 1913ರಲ್ಲಿ ಹೊಸೂರನ್ನು ಮುಟ್ಟಿತು. ಇಂತಹ ಮಾರ್ಗದ ಜಮಾಖರ್ಚನ್ನು ಬಡ್ಡಿಯ ಲೆಕ್ಕದಿಂದ ಅಳೆಯುವುದು ನ್ಯಾಯವಲ್ಲ. ಬರ ಬಾರದ ವರ್ಷಗಳಲ್ಲಿ ಅದು ನಷ್ಟವೆಂದೇ ಕಾಣುವುದು.

ಅದರ ನಿಜವಾದ ದೋಷ ಬೇರೆಡೆಯಲ್ಲಿದ್ದಿತು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಹೊಸೂರು ಕಂಪನಿಯ ವಶವಾಗಿ ಮದರಾಸಿಗೆ ಸೇರಿತಷ್ಟೆ. ಹಳಿಯೂ ಆ ಗಡಿಯನ್ನೇ ಅನುಸರಿಸಿ ಹೊಸೂರಿನಲ್ಲಿ ನಿಂತುಬಿಟ್ಟಿತು. ಬೆಂಗಳೂರಿಗೆ 1864ರಲ್ಲಿಯೇ ರೈಲು ಬಂದಿದ್ದರೂ, ಹೊಸೂರಿನವನು ರೈಲಿನಲ್ಲಿಯೇ ಅಲ್ಲಿಗೆ ಹೋಗಬೇಕೆಂದರೆ ದಕ್ಷಿಣಕ್ಕೆ ಮೊರಪ್ಪೂರಿಗೆ ಇಳಿದು, ದೊಡ್ಡ ಹಳಿಯ ಗಾಡಿ ಹಿಡಿದು, ಜೋಲಾರಪೇಟೆಯನ್ನು ಸುತ್ತಿ ಬರಬೇಕಾಗಿದ್ದಿತು. ಹಾಗೆ ಹೋಗುವ ಮೂಢನಾರು! ಸರಕನ್ನಾದರೂ ಮೊರಪ್ಪೂರಿನಲ್ಲಿ ಒಂದು ಗಾಡಿಯಿಂದಿಳಿಸಿ ಇನ್ನೊಂದಕ್ಕೆ ತುಂಬಬೇಕು. ಜನರ ದೃಷ್ಟಿ ಮಾತ್ರ ಬೆಂಗಳೂರಿನ ಕಡೆಗೇ ಇದ್ದಿತು. ಸಮೀಪದ ತೊರಪಳ್ಳಿಯಲ್ಲಿ 1878ರಲ್ಲಿ ಜನಿಸಿದ ರಾಜಗೋಪಾಲಾಚಾರ್ಯರು ಹೊಸೂರಿನಲ್ಲಿ ಓದಿ ಮುಂದಿನ ವಿದ್ಯೆಗೆ ಹೋದುದು ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ. ಮೋಟಾರು ಬಸ್ಸು ಬಂದ ಮೇಲೆ ನೇರ ರಸ್ತೆಯೆದುರು ಈ ಸುತ್ತುಹಳಿ ಸೋತುದು ಸಹಜ.

ಎರಡನೆಯ ಮಹಾಯುದ್ಧದಲ್ಲಿ ಹಳಿ, ಎಂಜಿನುಗಳ ಅಭಾವ ತಲೆದೋರಲು, ದೇಶದ ಹಲವು ಕವಲುಮಾರ್ಗಗಳನ್ನು ಕಿತ್ತರು. ಕೃಷ್ಣಗಿರಿ, ಹೊಸೂರು ಮಾರ್ಗಗಳು ಅವುಗಳಲ್ಲಿ ಸೇರಿದುವು. ಆಗಲೇ ಕಿತ್ತ ಮಲಬಾರಿನ ಶೊರನೂರು–ನಿಲಂಬೂರು ಹಳಿಯನ್ನು ಸ್ವಾತಂತ್ರ್ಯಾನಂತರ ಮರಳಿ ಹಾಸಿದರು. ಹೊಸೂರಿನ ಸಣ್ಣ ಹಳಿ ಮರಳಲಿಲ್ಲ. ದ್ವಾರಕೆಯ ನೆರೆಯ ಪಾಲಂ, ಬಿಜವಾಸನಗಳ ದೆಹಲಿ–ರೇವಾಡಿ ಮಾರ್ಗವೂ 1873ರಲ್ಲಿ ಕಿರಿದಾದ ಮೀಟರ್ ಗೇಜಾಗಿಯೇ ಹುಟ್ಟಿತು. ಅಲ್ಲಿ ಹಳಿ ಅಗಲವಾಯಿತು, ಇಲ್ಲಿ ಅಳಿದೇ ಹೋಯಿತು.

1960ರ ದಶಕದಲ್ಲಿ ಬೆಂಗಳೂರು–ಸೇಲಂ ಮೀಟರ್ ಗೇಜು ಮಾರ್ಗವು ಬಂದಾಗ ಹೊಸೂರಿಗೆ ಎರಡನೆಯ ನಿಲ್ದಾಣವಾಯಿತು. ಆ ವೇಳೆಗೆ 1956ರ ರಾಜ್ಯಪುನರ್ವಿಂಗಡಣೆ ಮುಗಿದು ಹೊಸೂರು ಮದರಾಸು ರಾಜ್ಯದಲ್ಲಿಯೇ ಉಳಿದಿದ್ದಿತು. ಗಡಿ ದಾಟಿ ಹಳಿ ಬಂದುದು ಗಡಿ ಸ್ಥಿರವಾದ ಮೇಲೆ. ಹೊಸ ಮಾರ್ಗವು ಧರ್ಮಪುರಿಯಿಂದ ನೇರವಾಗಿ ಸೇಲಮ್ಮಿಗೆ ತಿರುಗಿದುದರಿಂದ ಮೊರಪ್ಪೂರು ಹೊರಗುಳಿಯಿತು. ಅಲ್ಲಿಂದ ಧರ್ಮಪುರಿಗೆ ಮತ್ತೆ ಹಳಿ ಹಾಸುವ ಕೆಲಸಕ್ಕೆ 2019ರಲ್ಲಿ ಶಂಕುಸ್ಥಾಪನೆಯಾಯಿತು.