ಕೀಟನಾಶಕ ಕಾಯಿದೆಯೂ ಅಪ್ರಮಾದವೂ

1958ರಲ್ಲಿ ಕೇರಳ ಹಾಗೂ ಮದರಾಸು ರಾಜ್ಯಗಳಲ್ಲಿ ಗೋಧಿಹಿಟ್ಟಿನ ಆಹಾರವನ್ನು ಸೇವಿಸಿ 100ಕ್ಕೂ ಹೆಚ್ಚು ಮಂದಿ ಅಸುನೀಗಿದರು. ಒಂದೇ ಹಡಗಿನಲ್ಲಿ ಹಿಟ್ಟಿನೊಡನೆ ಸಾಗಿಸಿದ್ದ ಪ್ಯಾರಾಥಿಯಾನ್ ಎಂಬ ಕೀಟನಾಶಕವು ಸೋರಿ ಅದರಲ್ಲಿ ಬೆರೆತಿತ್ತು. ಕೊಲ್ಲುವ ಸಂಕಲ್ಪ ಯಾರಲ್ಲಿಯೂ ಇರಲಿಲ್ಲ, ಪ್ರಮಾದವೇ ಹಿಂಸೆಯಾಯಿತು.

ಈ ದುರಂತದ ವಿಚಾರಣೆಯ ಫಲವಾಗಿ 1968ರಲ್ಲಿ ರೂಪುಗೊಂಡ ಕೀಟನಾಶಕ ಕಾಯಿದೆಯು 1971ರಲ್ಲಿ ಜಾರಿಗೆ ಬಂದಿತು. ಸುರಕ್ಷತೆಯನ್ನು ಪರಿಶೀಲಿಸಿ ನೋಂದಾಯಿಸದ ಕೀಟನಾಶಕದ ತಯಾರಿಕೆ, ಆಮದುಗಳು ನಿಷಿದ್ಧವಾದವು. ಬರಿದಾದ ಡಬ್ಬಿಗಳನ್ನು ಒಡೆದು, ಜನವಸತಿಯಿಂದ ದೂರದಲ್ಲಿ ಹೂಳಬೇಕೆಂದು ನಿಯಮವಾಯಿತು. ವಸ್ತುವನ್ನು ನೋಡಿ ಎತ್ತಿಡುವ ಆದಾನನಿಕ್ಷೇಪಣ ಸಮಿತಿ, ನಿರ್ಜಂತುಕ ಸ್ಥಳದಲ್ಲಿ ವಿಸರ್ಜಿಸುವ ಉತ್ಸರ್ಗ ಸಮಿತಿ, ಮುನಿಗಳಿಗೆ ವಿಹಿತವಾದ ಈ ಎಚ್ಚರಗಳ ನೆರಳನ್ನು ಇಲ್ಲಿ ಕಾಣಬಹುದು.

ಆದರೆ ಕಾಯಿದೆಯು ಕಾಪಾಡಹೊರಟದ್ದು ಮನುಷ್ಯರನ್ನೂ ಮುಖ್ಯವಾಗಿ ಅವರಿಗೆ ಉಪಯುಕ್ತವಾದ ಪ್ರಾಣಿಗಳನ್ನೂ; ಕೀಟವನ್ನಲ್ಲ. ನೋಂದಣಿಯಾದ ಮಾತ್ರಕ್ಕೆ ವಿಷಪ್ರಯೋಗವು ಅಹಿಂಸೆಯಾಗದೆಂಬುದನ್ನು ಕೃಷಿಕನಾದ ಶ್ರಾವಕನು ಮರೆಯಲಾಗದು.