ಬಾಂಗ್ಲಾದೇಶದ ಸಿದ್ಧ ಉಡುಪು ಉದ್ಯಮ

1971ರಲ್ಲಿ ಬಾಂಗ್ಲಾದೇಶ ಸ್ವತಂತ್ರವಾದಾಗ ಹೊರದೇಶಗಳಿಗೆ ಮಾರಲು ಅದರ ಬಳಿ ಇದ್ದದ್ದು ಮುಖ್ಯವಾಗಿ ಸೆಣಬು. ಜೊತೆಗೆ ಒಂದಿಷ್ಟು ಚಹಾ, ಒಂದಿಷ್ಟು ಚರ್ಮ. ಇಂದು ಆ ದೇಶದ ರಫ್ತು ಆದಾಯದಲ್ಲಿ ಐದರಲ್ಲಿ ನಾಲ್ಕು ಪಾಲು ಸಿದ್ಧ ಉಡುಪಿನಿಂದ ಬರುತ್ತದೆ. ಸುಮಾರು 40 ಲಕ್ಷ ಜನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ದುಡಿಯುತ್ತಾರೆ. ಜಗತ್ತಿಗೆ ಬಟ್ಟೆ ಹೊಲಿದು ಕಳಿಸುವ ದೇಶಗಳಲ್ಲಿ ಚೀನಾ ಮೊದಲನೆಯದು. ಅದರ ನಂತರದ ಸ್ಥಾನಕ್ಕೆ ಬಾಂಗ್ಲಾದೇಶವೂ ವಿಯೆಟ್ನಾಂ ಕೂಡ ಪೈಪೋಟಿ ನಡೆಸಿವೆ. ಹತ್ತಿಯನ್ನು ಹೆಚ್ಚಾಗಿ ಬೆಳೆಯದ, ಹೊಲಿಗೆ ಯಂತ್ರಗಳನ್ನು ತಯಾರಿಸದ, ಕೈಯಲ್ಲಿ ಬಂಡವಾಳವೂ ಇಲ್ಲದ ನಾಡು ಒಂದೇ ತಲೆಮಾರಿನಲ್ಲಿ ಇಲ್ಲಿಗೆ ಬಂದು ನಿಂತಿತು. ಸಕಾಲಕ್ಕೆ ಮಾಡಿದ ಎರಡು ಸಣ್ಣ ನಿಯಮಗಳು ಮತ್ತು ಹಳ್ಳಿಗಳಿಂದ ಬಂದ ಹೆಣ್ಣುಮಕ್ಕಳ ದುಡಿಮೆ, ಇವೆರಡೂ ಸೇರಿ ಈ ಉದ್ಯಮವನ್ನು ಕಟ್ಟಿದವು. ನಿಯಮ ಮಾಡಿದವರಿಗೂ ಬಂಡವಾಳ ಹೂಡಿದವರಿಗೂ ಅದರ ಫಲ ಬೇಗ ಸಿಕ್ಕಿತು. ಹೊಲಿದವರಿಗೆ ಅವರ ಪಾಲು ಬಹಳ ತಡವಾಗಿ, ಬಹಳ ಸಾವುಗಳ ನಂತರ, ಅದೂ ಅರೆಬರೆಯಾಗಿ ಸಿಕ್ಕಿತು.

ಬಟ್ಟೆ ಈ ಪ್ರದೇಶಕ್ಕೆ ಹೊಸದಲ್ಲ. ಮೊಗಲರ ಕಾಲದಲ್ಲಿ ಢಾಕಾದ ಮಸ್ಲಿನ್‌ಗೆ ದೂರದೂರದ ದೇಶಗಳಲ್ಲಿ ಬೇಡಿಕೆಯಿತ್ತು. ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಮತ್ತು ಮ್ಯಾಂಚೆಸ್ಟರಿನ ಗಿರಣಿ ಬಟ್ಟೆಯ ನಡುವೆ ಆ ಕಸುಬು ನೆಲಕಚ್ಚಿತು. ಆಮೇಲಿನ ನೂರು ವರ್ಷ ಪೂರ್ವ ಬಂಗಾಳ ಸೆಣಬು ಬೆಳೆದು ಕೊಡುವ ಹೊಲವಾಯಿತು. ಗಿರಣಿಗಳು ಮಾತ್ರ ಕಲ್ಕತ್ತೆಯ ಹೂಗ್ಲಿ ದಂಡೆಯಲ್ಲಿ ಎದ್ದವು. 1947ರ ವಿಭಜನೆ ಬೆಳೆಯನ್ನು ಒಂದು ದೇಶಕ್ಕೂ ಗಿರಣಿಯನ್ನು ಇನ್ನೊಂದಕ್ಕೂ ಹಂಚಿತು. ಬಳಿಕ ನಾರಾಯಣಗಂಜ್‌ನಲ್ಲಿ ಎದ್ದ ಆದಮ್‌ಜಿ ಸೆಣಬಿನ ಗಿರಣಿ ಒಂದು ಕಾಲಕ್ಕೆ ಜಗತ್ತಿನ ಅತಿ ದೊಡ್ಡ ಸೆಣಬಿನ ಗಿರಣಿಗಳಲ್ಲಿ ಒಂದೆನಿಸಿತ್ತು. 1972ರಲ್ಲಿ ಹೊಸ ಸರ್ಕಾರ ಸೆಣಬು, ಹತ್ತಿ, ಸಕ್ಕರೆ ಗಿರಣಿಗಳನ್ನು ರಾಷ್ಟ್ರೀಕರಣ ಮಾಡಿತು. ಅಷ್ಟರಲ್ಲಿ ಸೆಣಬಿನ ಚೀಲದ ಜಾಗಕ್ಕೆ ಪ್ಲಾಸ್ಟಿಕ್ ಚೀಲ ಬರತೊಡಗಿತ್ತು. ನಷ್ಟದ ಮೇಲೆ ನಷ್ಟ ಹೊತ್ತ ಆದಮ್‌ಜಿ 2002ರಲ್ಲಿ ಬಾಗಿಲು ಮುಚ್ಚಿತು. ಆ ಜಾಗದಲ್ಲಿ ಈಗ ರಫ್ತು ಸಂಸ್ಕರಣಾ ವಲಯವಿದೆ.

ಸಿದ್ಧ ಉಡುಪಿಗೆ ದಾರಿ ತೆರೆದದ್ದು ಶ್ರೀಮಂತ ದೇಶಗಳು ತಮ್ಮ ಗಿರಣಿಗಳನ್ನು ಉಳಿಸಿಕೊಳ್ಳಲು ಹಾಕಿದ ಬೇಲಿ. 1974ರ ಬಹುತಂತು ಒಪ್ಪಂದದ ಪ್ರಕಾರ ಅಮೆರಿಕ ಮತ್ತು ಯುರೋಪಿನ ದೇಶಗಳು ಪ್ರತಿ ರಫ್ತುದಾರ ದೇಶಕ್ಕೂ ಇಷ್ಟೇ ಬಟ್ಟೆ ಕಳಿಸಬಹುದು ಎಂಬ ಕೋಟಾ ಗೊತ್ತುಮಾಡಿದವು. ದಕ್ಷಿಣ ಕೊರಿಯಾದ ಕಾರ್ಖಾನೆಗಳು ಬೇಗನೆ ತಮ್ಮ ಕೋಟಾ ಮುಟ್ಟಿದವು. ಇನ್ನೂ ಕೋಟಾದ ಹಿಡಿತಕ್ಕೆ ಸಿಗದ ದೇಶದಲ್ಲಿ ಹೊಲಿಸಿದರೆ ಸರಕನ್ನು ಅಡ್ಡಿಯಿಲ್ಲದೆ ಕಳಿಸಬಹುದು ಎಂದು ಅಲ್ಲಿನ ದೇವೂ ಕಂಪನಿ ಲೆಕ್ಕ ಹಾಕಿತು. ವಿಮೋಚನಾ ಹೋರಾಟದಲ್ಲಿ ಭಾಗಿಯಾಗಿದ್ದ, ಮೊದಲು ಸರ್ಕಾರಿ ಅಧಿಕಾರಿಯಾಗಿದ್ದ ನೂರುಲ್ ಕಾದಿರ್ ಢಾಕಾದಲ್ಲಿ ಅದರ ಪಾಲುದಾರರಾಗಿ ದೊರೆತರು. 1978ರಲ್ಲಿ ಅವರ ದೇಶ್ ಗಾರ್ಮೆಂಟ್ಸ್ ಮತ್ತು ದೇವೂ ನಡುವೆ ಕರಾರಾಯಿತು. ಅದೇ ವರ್ಷ ಢಾಕಾದ ರಿಯಾಜ್ ಗಾರ್ಮೆಂಟ್ಸ್ 10,000 ಶರ್ಟುಗಳನ್ನು ಪ್ಯಾರಿಸ್ಸಿಗೆ ಕಳಿಸಿತ್ತು. ದೇಶದ ಉಡುಪು ರಫ್ತಿನ ಚರಿತ್ರೆಯನ್ನು ಹಲವರು ಅಲ್ಲಿಂದಲೇ ಬರೆಯುತ್ತಾರೆ. ಆದರೆ ಉದ್ಯಮವಾಗಿ ಬೇರು ಬಿಟ್ಟದ್ದು ದೇಶ್ ಗಾರ್ಮೆಂಟ್ಸ್‌ನಿಂದ.

ಕರಾರಿನಂತೆ ದೇಶ್ ತನ್ನ 130 ಸಿಬ್ಬಂದಿಯನ್ನು ಬುಸಾನ್ ನಗರದ ದೇವೂ ಕಾರ್ಖಾನೆಗೆ ತರಬೇತಿಗೆ ಕಳಿಸಿತು. ಅವರಲ್ಲಿ ಹೆಂಗಸರೂ ಇದ್ದರು. ಕತ್ತರಿಸುವುದು, ಹೊಲಿಯುವುದು, ಲೈನ್ ನಡೆಸುವುದು, ಖರೀದಿದಾರರೊಂದಿಗೆ ಬೆಲೆ ಮಾತಾಡುವುದು, ಎಲ್ಲವನ್ನೂ ಅಲ್ಲಿ ಕಲಿತರು. ವಾಪಸು ಬಂದು ಚಿತ್ತಗಾಂಗ್‌ನಲ್ಲಿ ಕೆಲಸ ಆರಂಭಿಸಿ 1980ರಲ್ಲಿ 43,000 ಶರ್ಟುಗಳನ್ನು ಹೊಲಿದರು. ಅದರಿಂದ ಬಂದ ಹಣ 55,050 ಡಾಲರ್. ಮರುವರ್ಷವೇ ದೇಶ್ ಕರಾರನ್ನು ಕೈಬಿಟ್ಟು ಸ್ವಂತವಾಗಿ ನಡೆಯತೊಡಗಿತು. ತರಬೇತಿ ಪಡೆದ 130 ಜನರಲ್ಲಿ 115 ಮಂದಿ ಕೆಲವೇ ವರ್ಷಗಳಲ್ಲಿ ಕೆಲಸ ಬಿಟ್ಟರು. ಕೆಲವರು ಸ್ವಂತ ಕಾರ್ಖಾನೆ ತೆರೆದರು, ಉಳಿದವರು ಬೇರೆಯವರ ಕಾರ್ಖಾನೆ ಕಟ್ಟಿಕೊಟ್ಟರು. ಒಂದು ಕಂಪನಿಗೆ ನಷ್ಟವಾದ ಈ ವಲಸೆಯೇ ದೇಶಕ್ಕೆ ಲಾಭವಾಯಿತು. 1980ರ ದಶಕದ ಮಧ್ಯಕ್ಕೆ ಕಾರ್ಖಾನೆಗಳು ನೂರಾರು ಆಗಿದ್ದವು, ಅಮೆರಿಕ ಬಾಂಗ್ಲಾದೇಶಕ್ಕೂ ಕೋಟಾ ವಿಧಿಸಿತ್ತು.

ಕೈಗಾರಿಕೆ ಬೆಳೆಸಹೊರಟ ಬಡ ದೇಶಗಳು ಈ ಕಥೆಯಲ್ಲಿ ಗಮನವಿಟ್ಟು ನೋಡಬೇಕಾದ ಭಾಗ ಇನ್ನೊಂದಿದೆ. ಅಂದಿನ ಬಾಂಗ್ಲಾದೇಶದಲ್ಲಿ ರಫ್ತಿಗೆ ತಕ್ಕ ಬಟ್ಟೆ ಸಿಗುತ್ತಿರಲಿಲ್ಲ. ಆಮದು ಮಾಡಿಕೊಳ್ಳೋಣವೆಂದರೆ ವಿದೇಶಿ ವಿನಿಮಯವಿಲ್ಲ, ಸುಂಕ ವಿಪರೀತ. ಕಾದಿರ್ ಮತ್ತಿತರರ ಒತ್ತಾಯಕ್ಕೆ ಸರ್ಕಾರ ಎರಡು ಸೌಲಭ್ಯ ಕೊಟ್ಟಿತು. ಮೊದಲನೆಯದು ಬ್ಯಾಕ್ ಟು ಬ್ಯಾಕ್ ಎಲ್‌ಸಿ (ಎಲ್‌ಸಿ ಎಂದರೆ ಸಾಖಪತ್ರ, ಸರಕಿನ ಹಣ ಸಲ್ಲುತ್ತದೆಂದು ಬ್ಯಾಂಕು ಕೊಡುವ ಭರವಸೆ). ವಿದೇಶಿ ಖರೀದಿದಾರ ಶರ್ಟಿಗೆಂದು ತೆರೆದ ಸಾಖಪತ್ರವನ್ನೇ ಆಧಾರವಾಗಿಟ್ಟುಕೊಂಡು ಢಾಕಾದ ಬ್ಯಾಂಕು ಬಟ್ಟೆ, ಗುಂಡಿ, ಜಿಪ್ ಮಾರುವವನ ಹೆಸರಿಗೆ ಎರಡನೆಯ ಸಾಖಪತ್ರ ತೆರೆಯುತ್ತದೆ. ಬಟ್ಟೆಯ ಹಣವನ್ನು ತಿಂಗಳುಗಳ ನಂತರ ಕೊಟ್ಟರೆ ಸಾಕು. ಅಷ್ಟರಲ್ಲಿ ಶರ್ಟು ಹೊಲಿದು ಹಡಗು ಹತ್ತಿರುತ್ತದೆ. ಖರೀದಿದಾರನ ಹಣ ಬಂದೊಡನೆ ಬ್ಯಾಂಕು ಬಟ್ಟೆಯ ಬಾಬ್ತನ್ನು ಮುರಿದುಕೊಂಡು ಉಳಿದದ್ದನ್ನು ಕಾರ್ಖಾನೆಗೆ ಕೊಡುತ್ತದೆ. ಎರಡನೆಯದು ಬಾಂಡೆಡ್ ಗೋದಾಮು. ರಫ್ತು ಉಡುಪಿಗೆಂದು ತರಿಸಿದ ಬಟ್ಟೆಯನ್ನು ಸುಂಕವಿಲ್ಲದೆ ಕಾರ್ಖಾನೆಯ ಗೋದಾಮಿನಲ್ಲಿ ಇಟ್ಟುಕೊಳ್ಳಬಹುದು. ಒಳಗೆ ಬಂದದ್ದಕ್ಕೂ ಹೊರಗೆ ಹೋದದ್ದಕ್ಕೂ ಕಸ್ಟಮ್ಸ್ ಇಲಾಖೆಗೆ ಲೆಕ್ಕ ಒಪ್ಪಿಸಬೇಕು. ಈ ಎರಡರ ಬಲದಿಂದ ಒಂದು ಬಾಡಿಗೆ ಮಹಡಿ, ಕೆಲವು ಡಜನ್ ಯಂತ್ರಗಳು ಮತ್ತು ಒಂದು ಆರ್ಡರ್ ಇದ್ದವರೂ ರಫ್ತುದಾರರಾದರು. ಸರ್ಕಾರ ತಾನೇ ಕಾರ್ಖಾನೆ ಕಟ್ಟಿ ಸಾಧಿಸದೇ ಹೋದದ್ದು ಬ್ಯಾಂಕು ಮತ್ತು ಕಸ್ಟಮ್ಸಿನ ಎರಡು ಸುತ್ತೋಲೆಗಳಿಂದ ಆಯಿತು.

ಶರ್ಟೊಂದು ಲೈನಿನಲ್ಲಿ ಹೇಗೆ ಸಿದ್ಧವಾಗುತ್ತದೆ ಎಂಬುದರಲ್ಲಿ ಈ ಉದ್ಯಮದ ಸ್ವರೂಪ ಕಾಣುತ್ತದೆ. ಮೇಜಿನ ಮೇಲೆ ಪದರ ಪದರವಾಗಿ ಹಾಸಿದ ಬಟ್ಟೆಯನ್ನು ವಿದ್ಯುತ್ ಕತ್ತಿಯಿಂದ ಕತ್ತರಿಸಿ, ಬಂಡಲ್ ಕಟ್ಟಿ, ಸಂಖ್ಯೆ ಹಚ್ಚುತ್ತಾರೆ. ಅಲ್ಲಿಂದ ಮುಂದೆ ಒಬ್ಬರಿಗೆ ಒಂದೇ ಕೆಲಸ. ಒಬ್ಬಳು ಕಾಲರ್ ತಿರುವುತ್ತಾಳೆ, ಇನ್ನೊಬ್ಬಳು ಜೇಬು ಕೂರಿಸುತ್ತಾಳೆ, ಮತ್ತೊಬ್ಬಳು ತೋಳು ಜೋಡಿಸುತ್ತಾಳೆ, ಹೆಲ್ಪರ್ ದಾರದ ತುದಿ ಕತ್ತರಿಸುತ್ತಾಳೆ. ಲೈನಿನ ತುದಿಯ ಬೋರ್ಡಿನಲ್ಲಿ ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ ಬರೆದಿರುತ್ತದೆ. ಪ್ರತಿ ಗಂಟೆಯೂ ಅದರ ಕೆಳಗೆ ಆದದ್ದೆಷ್ಟು ಎಂದು ತುಂಬುತ್ತಾರೆ. ಸೂಜಿ ಮುರಿದರೆ ಅದರ ಚೂರುಗಳನ್ನೆಲ್ಲ ಹುಡುಕಿ ಒಪ್ಪಿಸಬೇಕು, ಆಮೇಲೆಯೇ ಹೊಸ ಸೂಜಿ. ಒಂದು ಚೂರು ಉಡುಪಿನಲ್ಲಿ ಉಳಿದು ದೂರದ ದೇಶದ ಮಗುವಿಗೆ ಚುಚ್ಚಬಾರದೆಂದು ಖರೀದಿದಾರರು ಹೇರಿದ ಕಟ್ಟುನಿಟ್ಟು ಅದು. ಸೂಜಿಯ ಚೂರಿಗೆ ಇಷ್ಟು ಕಾಳಜಿ ತೋರಿದ ವ್ಯವಸ್ಥೆ ಬೆಂಕಿ ಬಿದ್ದಾಗ ಇಳಿಯುವ ಮೆಟ್ಟಿಲಿಗೆ, ಕಟ್ಟಡದ ಕಂಬಕ್ಕೆ ಅಷ್ಟೇ ಕಾಳಜಿಯನ್ನು ಬಹುಕಾಲ ತೋರಲಿಲ್ಲ.

ಈ ಯಂತ್ರಗಳ ಮುಂದೆ ಕುಳಿತವರಲ್ಲಿ ಬಹುಪಾಲು ರಂಗಪುರ, ಮೈಮನ್‌ಸಿಂಗ್, ಬಾರಿಸಾಲ್ ಕಡೆಯ ಹಳ್ಳಿಗಳ ಹೆಣ್ಣುಮಕ್ಕಳು. 1990ರ ದಶಕದಲ್ಲಿ ಕಾರ್ಮಿಕರಲ್ಲಿ ಐವರಿಗೆ ನಾಲ್ವರು ಹೆಂಗಸರೇ ಎಂಬ ಅಂದಾಜಿತ್ತು. ಮನೆಯಿಂದ ಹೊರಗೆ ಕೂಲಿಗೆ ಹೋಗುವುದನ್ನೇ ಊರು ಒಪ್ಪದಿದ್ದ ಕಾಲದಲ್ಲಿ ಅವರು ಢಾಕಾದ ಕೊಠಡಿಗಳಲ್ಲಿ ನಾಲ್ಕೈದು ಜನ ಒಟ್ಟಿಗಿದ್ದು, ದುಡಿದ ಹಣವನ್ನು ಊರಿಗೆ ಕಳಿಸಿದರು. ಅರ್ಥಶಾಸ್ತ್ರಜ್ಞರಾದ ರೇಚೆಲ್ ಹೀತ್ ಮತ್ತು ಮುಷ್ಫಿಕ್ ಮೊಬಾರಕ್ ನಡೆಸಿದ ಅಧ್ಯಯನದ ಪ್ರಕಾರ ಕಾರ್ಖಾನೆಗಳಿಗೆ ಹತ್ತಿರದ ಹಳ್ಳಿಗಳಲ್ಲಿ ಹುಡುಗಿಯರ ಮದುವೆ ಮತ್ತು ಮೊದಲ ಹೆರಿಗೆ ಮುಂದಕ್ಕೆ ಹೋಯಿತು, ಶಾಲೆಯಲ್ಲಿ ಕಳೆದ ವರ್ಷಗಳು ಹೆಚ್ಚಿದವು. ಓದು ಬರಹ, ಲೆಕ್ಕ ಬಂದರೆ ಒಳ್ಳೆಯ ಕೆಲಸ ಸಿಗುತ್ತದೆ ಎಂಬುದು ತಂದೆತಾಯಿಯರಿಗೆ ಕಣ್ಣಿಗೆ ಕಾಣುವಂತಾಗಿತ್ತು. ಇದು ಯಾವ ಸರ್ಕಾರಿ ಪ್ರಚಾರಕ್ಕೂ ಸುಲಭವಾಗಿ ಆಗದ ಬದಲಾವಣೆ. ಇತ್ತೀಚೆಗೆ ಹೆಂಗಸರ ಪಾಲು ಶೇ. 60ರ ಆಸುಪಾಸಿಗೆ ಇಳಿದಿದೆ ಎಂದು ಸಮೀಕ್ಷೆಗಳು ತಿಳಿಸುತ್ತವೆ. ಸೂಪರ್‌ವೈಸರ್ ಹುದ್ದೆಗಳಲ್ಲಂತೂ ಅವರು ಇಂದಿಗೂ ವಿರಳ.

ಸಂಬಳದ ಚರಿತ್ರೆ ನೋವಿನದು. 1994ರಲ್ಲಿ ಕನಿಷ್ಠ ವೇತನ ತಿಂಗಳಿಗೆ 930 ಟಾಕಾ ಎಂದು ಗೊತ್ತಾಯಿತು. ರಫ್ತು ವರ್ಷ ವರ್ಷವೂ ಏರುತ್ತಿದ್ದಾಗ ಅದು ಹನ್ನೆರಡು ವರ್ಷ ಅಲ್ಲಾಡಲಿಲ್ಲ. ಬೀದಿಗಿಳಿದ ಕಾರ್ಮಿಕರ ಪ್ರತಿಭಟನೆಗಳ ನಂತರ 2006ರಲ್ಲಿ 1,662 ಟಾಕಾ ಆಯಿತು, 2010ರಲ್ಲಿ 3,000.

2005ರ ಜನವರಿ 1ರಂದು ಜಾಗತಿಕ ಕೋಟಾ ವ್ಯವಸ್ಥೆ ಕೊನೆಗೊಂಡಿತು. ಚೀನಾದ ಎದುರು ಬಾಂಗ್ಲಾದೇಶ ಉಳಿಯದು ಎಂದು ಅನೇಕ ತಜ್ಞರು ಭಾವಿಸಿದ್ದರು. ಆದದ್ದು ಬೇರೆ. 2004–05ರಲ್ಲಿ ಸುಮಾರು 640 ಕೋಟಿ ಡಾಲರ್ ಇದ್ದ ಉಡುಪು ರಫ್ತು ಹತ್ತೇ ವರ್ಷಗಳಲ್ಲಿ ಮೂರು ಪಟ್ಟಿಗೂ ಮೀರಿ ಬೆಳೆಯಿತು. ಯುರೋಪಿಯನ್ ಒಕ್ಕೂಟ 2001ರಿಂದ ಅತಿ ಹಿಂದುಳಿದ ದೇಶಗಳಿಗೆ ಕೊಟ್ಟ ಸುಂಕವಿಲ್ಲದ ಪ್ರವೇಶ, ಚೀನಾದಲ್ಲಿ ಏರುತ್ತಿದ್ದ ಕೂಲಿ, ದೊಡ್ಡ ಆರ್ಡರುಗಳನ್ನು ನಿಭಾಯಿಸುವ ಅನುಭವ ಇದಕ್ಕೆ ನೆರವಾದವು. ಆದರೆ ಬೆಳವಣಿಗೆಯ ಈ ವೇಗಕ್ಕೆ ಕಟ್ಟಡಗಳು ತಕ್ಕುದಾಗಿರಲಿಲ್ಲ. ಅಂಗಡಿ, ಕಚೇರಿಗೆಂದು ಕಟ್ಟಿದ ಮಹಡಿಗಳ ಮೇಲೆ ಮಹಡಿ ಏರಿಸಿ, ಯಂತ್ರ, ಜನರೇಟರ್ ಇಟ್ಟು ಕಾರ್ಖಾನೆ ನಡೆಸಿದರು. 2012ರ ನವೆಂಬರ್ 24ರಂದು ಆಶುಲಿಯಾದ ತಾಜ್ರೀನ್ ಕಾರ್ಖಾನೆಯಲ್ಲಿ ಬೆಂಕಿ ಬಿದ್ದು ನೂರಕ್ಕೂ ಹೆಚ್ಚು ಜನ ಸತ್ತರು.

ಅದಾಗಿ ಐದು ತಿಂಗಳಿಗೆ ಸಾವರ್‌ನ ರಾಣಾ ಪ್ಲಾಜಾ ಕುಸಿಯಿತು. ಎಂಟು ಮಹಡಿಯ ಆ ಕಟ್ಟಡದಲ್ಲಿ ಐದು ಗಾರ್ಮೆಂಟ್ಸ್ ಕಾರ್ಖಾನೆಗಳಿದ್ದವು. 2013ರ ಏಪ್ರಿಲ್ 23ರಂದು ಕಂಬಗಳಲ್ಲಿ ಬಿರುಕು ಕಂಡಿತು. ಮರುದಿನ ಕೆಳಮಹಡಿಯ ಬ್ಯಾಂಕು, ಅಂಗಡಿಗಳು ತೆರೆಯಲಿಲ್ಲ. ಗಾರ್ಮೆಂಟ್ಸ್ ಕಾರ್ಮಿಕರನ್ನು ಮಾತ್ರ ಒಳಗೆ ಕರೆಸಿಕೊಂಡರು. ಬರದಿದ್ದರೆ ಸಂಬಳ ಹಿಡಿಯುವ ಬೆದರಿಕೆ ಇತ್ತೆಂದು ಬದುಕುಳಿದವರು ಹೇಳಿದ್ದಾರೆ. ಬೆಳಿಗ್ಗೆ ಒಂಬತ್ತರ ಸುಮಾರಿಗೆ ವಿದ್ಯುತ್ ಹೋಗಿ ಮೇಲಿನ ಮಹಡಿಗಳ ಜನರೇಟರುಗಳು ಶುರುವಾದವು, ಕಟ್ಟಡ ಉರುಳಿತು. ಸತ್ತವರು 1,134 ಜನ, ಗಾಯಗೊಂಡವರು ಸುಮಾರು 2,500. ಉಡುಪು ಉದ್ಯಮದ ಚರಿತ್ರೆಯಲ್ಲಿ ಇಷ್ಟು ದೊಡ್ಡ ದುರಂತ ಬೇರೊಂದಿಲ್ಲ. ಬಿರುಕು ಹಿಂದಿನ ದಿನವೇ ಎಲ್ಲರಿಗೂ ಕಂಡಿದ್ದರಿಂದ ಇದನ್ನು ಅಪಘಾತ ಎನ್ನಲು ಬರುವುದಿಲ್ಲ.

ಅದೇ ವರ್ಷದ ಮೇ ತಿಂಗಳಲ್ಲೇ ಬಹುಪಾಲು ಯುರೋಪಿನ ಬ್ರ್ಯಾಂಡುಗಳು ಕಾರ್ಮಿಕ ಸಂಘಟನೆಗಳೊಂದಿಗೆ ಅಕಾರ್ಡ್ ಎಂಬ ಒಪ್ಪಂದಕ್ಕೆ ಸಹಿ ಹಾಕಿದವು. ಹಿಂದಿನ ಸ್ವಯಂಪ್ರೇರಿತ ಭರವಸೆಗಳಿಗಿಂತ ಇದು ಭಿನ್ನವಾಗಿತ್ತು: ಕಾನೂನಿನ ಬಲವಿತ್ತು, ಸ್ವತಂತ್ರ ಎಂಜಿನಿಯರುಗಳ ತಪಾಸಣೆಯಿತ್ತು, ವರದಿಗಳು ಬಹಿರಂಗವಾಗುತ್ತಿದ್ದವು, ದುರಸ್ತಿ ಮಾಡದ ಕಾರ್ಖಾನೆ ಸಹಿ ಹಾಕಿದ ಎಲ್ಲ ಬ್ರ್ಯಾಂಡುಗಳ ಆರ್ಡರನ್ನೂ ಕಳೆದುಕೊಳ್ಳುತ್ತಿತ್ತು. ಸಾವಿರದ ಆರುನೂರಕ್ಕೂ ಹೆಚ್ಚು ಕಾರ್ಖಾನೆಗಳಲ್ಲಿ ಬೆಂಕಿ ತಡೆಯುವ ಬಾಗಿಲು, ತುರ್ತು ಮೆಟ್ಟಿಲು, ಬಲಪಡಿಸಿದ ಕಂಬಗಳು ಬಂದವು. ಸುರಕ್ಷತೆಯ ವಿಷಯದಲ್ಲಿ ಬಾಂಗ್ಲಾದೇಶದ ರಫ್ತು ಕಾರ್ಖಾನೆಗಳು ನಿಜಕ್ಕೂ ಸುಧಾರಿಸಿದವು. ರಾಣಾ ಪ್ಲಾಜಾದಲ್ಲಿ ಸತ್ತವರ ಕುಟುಂಬಗಳಿಗೆ ಮತ್ತು ಗಾಯಗೊಂಡವರಿಗೆ 3 ಕೋಟಿ ಡಾಲರ್ ಪರಿಹಾರ ನಿಧಿ ತುಂಬಲು ಮಾತ್ರ ಎರಡು ವರ್ಷ ಬೇಕಾಯಿತು.

   

ಕಾಲಕ್ರಮದಲ್ಲಿ ಉದ್ಯಮ ಹೊಲಿಗೆಯಿಂದ ಹಿಂದಕ್ಕೂ ಚಾಚಿಕೊಂಡಿತು. ನಾರಾಯಣಗಂಜ್, ಗಾಜಿಪುರಗಳಲ್ಲಿ ನೂಲುವ, ಹೆಣೆಯುವ, ಬಣ್ಣ ಹಾಕುವ ಗಿರಣಿಗಳು ಎದ್ದವು. ಟೀಶರ್ಟಿನಂಥ ಹೆಣಿಗೆ ಉಡುಪಿಗೆ ಬೇಕಾದ ನೂಲಿನ ಬಹುಪಾಲು ಈಗ ದೇಶದೊಳಗೇ ಸಿಗುತ್ತದೆ. ನೇಯ್ದ ಬಟ್ಟೆಗೆ ಮಾತ್ರ ಇನ್ನೂ ಚೀನಾದತ್ತ ಕೈಚಾಚಬೇಕು. ಗಿರಣಿಗಳನ್ನು ನಡೆಸಿದ್ದು ಅಗ್ಗದ ನೈಸರ್ಗಿಕ ಅನಿಲ. ನಿಕ್ಷೇಪ ಕರಗುತ್ತಿದ್ದಂತೆ 2018ರಿಂದ ದ್ರವೀಕೃತ ಅನಿಲದ ಆಮದು ಶುರುವಾಯಿತು, ವೆಚ್ಚವೂ ಏರಿತು. ಬಣ್ಣದ ಗಿರಣಿಗಳ ಕೊಳಕು ನೀರು ತುರಾಗ್, ಬುಡಿಗಂಗಾ, ಶೀತಲಕ್ಷ್ಯಾ ನದಿಗಳನ್ನು ಹಾಳುಗೆಡವಿದೆ. ಪರಿಸರಸ್ನೇಹಿ ಎಂಬ ಅಂತರರಾಷ್ಟ್ರೀಯ ಲೀಡ್ ಪ್ರಮಾಣಪತ್ರ ಪಡೆದ ಇನ್ನೂರಕ್ಕೂ ಹೆಚ್ಚು ಕಾರ್ಖಾನೆಗಳು ದೇಶದಲ್ಲಿವೆ, ಆದರೆ ನದಿಗಳು ಅವುಗಳ ಫಲವನ್ನು ಇನ್ನೂ ಕಂಡಿಲ್ಲ.

ಬೇರೆ ಕೈಗಾರಿಕೆಗಳಲ್ಲಿ ಔಷಧ ಉದ್ಯಮವನ್ನು ಹೆಸರಿಸಲೇಬೇಕು. ವೈದ್ಯ ಜಫರುಲ್ಲಾ ಚೌಧರಿಯವರ ಪ್ರಭಾವದಿಂದ ರೂಪುಗೊಂಡ 1982ರ ಔಷಧ ನೀತಿ ಅನಗತ್ಯ ಔಷಧಗಳನ್ನು ನಿಷೇಧಿಸಿ ಸ್ಥಳೀಯ ತಯಾರಕರಿಗೆ ನೆಲೆ ಕೊಟ್ಟಿತು. ಇಂದು ದೇಶದ ಔಷಧ ಬೇಡಿಕೆಯ ಶೇ. 95ಕ್ಕೂ ಹೆಚ್ಚು ಪಾಲು ಅಲ್ಲೇ ತಯಾರಾಗುತ್ತದೆ. ಚರ್ಮೋದ್ಯಮ ಢಾಕಾದ ಹಜಾರಿಬಾಗ್‌ನಿಂದ ಸಾವರ್‌ಗೆ 2017ರಲ್ಲಿ ಸ್ಥಳಾಂತರವಾದರೂ ಮಾಲಿನ್ಯದ ತೊಡಕಿನಿಂದ ಹೊರಬಂದಿಲ್ಲ. ಒಟ್ಟು ದೇಶೀಯ ಉತ್ಪನ್ನದಲ್ಲಿ ತಯಾರಿಕೆಯ ಪಾಲು ಐದನೇ ಒಂದು ಭಾಗವನ್ನು ದಾಟಿದೆ ನಿಜ, ಆದರೆ ರಫ್ತಿನ ಮಟ್ಟಿಗೆ ದೇಶ ಒಂದೇ ಕಂಬದ ಮೇಲೆ ನಿಂತಿದೆ. ಆ ಕಂಬ ಎಷ್ಟು ಸುಲಭವಾಗಿ ಅಲ್ಲಾಡುತ್ತದೆ ಎಂಬುದು 2020ರ ಮಾರ್ಚಿನಲ್ಲಿ ಕಂಡಿತು: ಕೋವಿಡ್ ಬಂದೊಡನೆ ಬ್ರ್ಯಾಂಡುಗಳು 300 ಕೋಟಿ ಡಾಲರಿಗೂ ಮೀರಿದ ಆರ್ಡರುಗಳನ್ನು ರದ್ದುಪಡಿಸಿದವು ಇಲ್ಲವೇ ತಡೆಹಿಡಿದವು.

2024ರ ಆಗಸ್ಟ್‌ನಲ್ಲಿ ಶೇಖ್ ಹಸೀನಾ ಸರ್ಕಾರ ಉರುಳಿದ ಗದ್ದಲವನ್ನು ಉದ್ಯಮ ತಾಳಿಕೊಂಡಿತು. 2024–25ರ ಉಡುಪು ರಫ್ತು ಸುಮಾರು 3,900 ಕೋಟಿ ಡಾಲರ್. ಮುಂದಿನ ಪರೀಕ್ಷೆ ಬೇರೆ ಬಗೆಯದು. ಅತಿ ಹಿಂದುಳಿದ ದೇಶಗಳ ಪಟ್ಟಿಯಿಂದ ಬಾಂಗ್ಲಾದೇಶ ಹೊರಬರಲು ವಿಶ್ವಸಂಸ್ಥೆ 2021ರಲ್ಲಿ ಗೊತ್ತುಮಾಡಿದ ದಿನ 2026ರ ನವೆಂಬರ್ 24. ಆ ಬಳಿಕ ಮೂರು ವರ್ಷಗಳ ಗಡುವು ಮುಗಿದರೆ ಯುರೋಪಿನ ಸುಂಕರಹಿತ ಪ್ರವೇಶ ಈಗಿನ ರೂಪದಲ್ಲಿ ಉಳಿಯುವುದಿಲ್ಲ. ಪ್ಯಾಂಟು, ಟೀಶರ್ಟು, ಸ್ವೆಟರ್, ಶರ್ಟುಗಳಂಥ ಹತ್ತಿಯ ಅಗ್ಗದ ಉಡುಪನ್ನೇ ನೆಚ್ಚಿಕೊಂಡ ಕಾರ್ಖಾನೆಗಳು ಕೃತಕ ನೂಲಿನ, ಹೆಚ್ಚು ಬೆಲೆಯ ಉಡುಪಿಗೆ ತಿರುಗಬೇಕಿದೆ. ಬೀಳುವ ಹೊರೆಯನ್ನು ಹಿಂದಿನಂತೆ ಕೂಲಿಯ ಮೇಲೆ ಜಾರಿಸಲು ಈಗ ಜಾಗವಿಲ್ಲ: 2023ರಲ್ಲಿ ಕಾರ್ಮಿಕ ಸಂಘಟನೆಗಳು 23,000 ಟಾಕಾ ಕೇಳಿದಾಗ ವೇತನ ಮಂಡಳಿ ಗೊತ್ತುಮಾಡಿದ ಕನಿಷ್ಠ ಸಂಬಳ 12,500 ಟಾಕಾ.