ಧರ್ಮವೊಳಲಿನ ಸೆಟ್ಟಿಗಳು

ತುಂಗಭದ್ರೆಯ ಎಡದಂಡೆಯಿಂದ ಉತ್ತರಕ್ಕೆ ಮೊಗಮಾಡಿ ಹೊರಟವನಿಗೆ ಮೊದಲು ಮಸಾರಿ ಹೊಲಗಳು, ಅನಂತರ ಕಪ್ಪತಗುಡ್ಡದ ಕುರುಚಲು ಕಾಡಿನ ಬೆಟ್ಟಸಾಲು, ಅದನ್ನು ದಾಟಿದ ಮೇಲೆ ಕಣ್ಣು ಹರಿಯುವವರೆಗೂ ಹಬ್ಬಿದ ಯರೆಭೂಮಿ, ಹೀಗೆ ಕೆಲವೇ ಹರದಾರಿಗಳ ಅಂತರದಲ್ಲಿ ಮಣ್ಣಿನ ಬಣ್ಣವೂ ಬೆಳೆಯೂ ಬದಲಾಗುತ್ತ ಹೋಗುತ್ತವೆ. ಯಳವತ್ತಿ, ಮಾಗಡಿ, ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಗಳು ಈ ಸೀಮೆಯ ಊರುಗಳು. ಪೂರ್ವಕಾಲದಲ್ಲಿ ಇದು ಪುಲಿಗೆರೆ ಮುನ್ನೂರು, ಬೆಳ್ವೊಲ ಮುನ್ನೂರು ಎಂಬ ಎರಡು ನಾಡುಗಳಾಗಿ ಪ್ರಸಿದ್ಧವಾಗಿದ್ದಿತು. ಪುಲಿಗೆರೆಯೆಂದರೆ ಇಂದಿನ ಲಕ್ಷ್ಮೇಶ್ವರ. ಕವಿರಾಜಮಾರ್ಗವು ತಿರುಳ್ಗನ್ನಡದ ನೆಲೆಯೆಂದು ಹೆಸರಿಸಿದ ನಾಲ್ಕು ಸ್ಥಳಗಳಲ್ಲಿ ಇದೂ ಒಂದೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ಆದರೆ ಭಾಷೆಯ ಲೆಕ್ಕದಲ್ಲಿ ನಡುನಾಡಾದ ಈ ಸೀಮೆ ರಾಜ್ಯಗಳ ಲೆಕ್ಕದಲ್ಲಿ ಮತ್ತೆ ಮತ್ತೆ ಗಡಿನಾಡಾಯಿತೆಂಬುದೂ, ಇಲ್ಲಿಯ ಪೇಟೆಗಳಲ್ಲೊಂದಾದ ಡಂಬಳದಲ್ಲಿ ಬುದ್ಧನಿಗೂ ತಾರಾದೇವಿಗೂ ವಿಹಾರಗಳಿದ್ದುವೆಂಬುದೂ ಅಷ್ಟಾಗಿ ಯಾರ ನೆನಪಿನಲ್ಲಿಯೂ ಇಲ್ಲ.

ಗಡಿಯ ಮಾತನ್ನು ಮೊದಲು ಮುಗಿಸುತ್ತೇನೆ. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯರಿಗೂ ಚೋಳರಿಗೂ ನಡೆದ ದೀರ್ಘ ಕಲಹದಲ್ಲಿ ತುಂಗಭದ್ರೆಯೇ ಸೀಮಾರೇಖೆಯಾಗಿದ್ದಿತು. ೧೦೫೪ರಲ್ಲಿ ರಾಜಾಧಿರಾಜ ಚೋಳನು ಕೊಪ್ಪಂ ಯುದ್ಧದಲ್ಲಿ ಮಡಿದನು. ಚೋಳರ ದಂಡು ಬೆಳ್ವೊಲಕ್ಕೆ ನುಗ್ಗಿ ಬಸದಿಗಳನ್ನು ಸುಟ್ಟ ದುಃಖವನ್ನು ಗಾವರವಾಡದ ಶಾಸನವು ವಿಸ್ತಾರವಾಗಿ ಹೇಳಿಕೊಂಡಿದೆ. ಮುಂದೆ ಬಹಮನಿ ವಿಜಯನಗರಗಳ ಕಾಲಕ್ಕೂ ಹೊಳೆಯ ದಡದ ಭಾಗ್ಯ ಬದಲಾಗಲಿಲ್ಲ. ಇಂಗ್ಲಿಷರ ಆಳ್ವಿಕೆಯಲ್ಲಂತೂ ಇದು ಬಗೆಬಗೆಯ ತುಂಡುಗಳನ್ನು ಹೊಲಿದ ಕೌದಿಯಂತಾಯಿತು. ಗದಗು, ಡಂಬಳ, ಮುಂಡರಗಿಗಳು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ, ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ, ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ, ಹೊಳೆಯಾಚೆಯ ಹಡಗಲಿ ಮದರಾಸು ಇಲಾಖೆಯ ಬಳ್ಳಾರಿ ಜಿಲ್ಲೆಗೆ, ಮೂಡಣ ದಿಕ್ಕಿನ ಕೊಪ್ಪಳ ನಿಜಾಮನ ರಾಜ್ಯದೊಳಗಿನ ಸಾಲಾರಜಂಗನ ಜಹಗೀರಿಗೆ ಸೇರಿದ್ದುವು. ಲಕ್ಷ್ಮೇಶ್ವರದಲ್ಲಿ ಎತ್ತು ಕೊಂಡು ಹಡಗಲಿಯ ಕಡೆಗೆ ಹೊಡೆದುಕೊಂಡು ಹೋಗುವ ರೈತನು ಒಂದೆರಡು ದಿನದ ದಾರಿಯಲ್ಲೇ ಹಲವು ಸರಕಾರಗಳ ನೆಲವನ್ನು ತುಳಿಯಬೇಕಾಗಿತ್ತು. ಕೊಪ್ಪಳದ ಕಡೆ ಹೊರಟವನು ನಿಜಾಮನ ಹಾಲಿ ಸಿಕ್ಕಾ ನಾಣ್ಯದ ಬೆಲೆಯನ್ನೂ ಮನಸ್ಸಿನಲ್ಲೇ ಎಣಿಸಿಕೊಳ್ಳಬೇಕಾಗಿತ್ತು. ಮಳೆಗಾಲದಲ್ಲಿ ಹೊಳೆ ತುಂಬಿದಾಗ ಬಿದಿರಿನ ಹೆಣಿಗೆಗೆ ಚರ್ಮ ಬಿಗಿದ ಹರಿಗೋಲೊಂದೇ ಗತಿ. ಅಂಬಿಗನು ಹುಟ್ಟು ಹಾಕುತ್ತಲೇ ಅದು ಗಿರಗಿರನೆ ತಿರುಗುತ್ತ, ಹೊರಟ ನೇರಕ್ಕೆ ಮುಟ್ಟದೆ, ಬಹುದೂರ ಕೆಳಗೆ ಆಚೆಯ ದಡವನ್ನು ಸೇರುತ್ತಿದ್ದಿತು. ೧೯೪೮ರಲ್ಲಿ ಸಂಸ್ಥಾನಗಳು ವಿಲೀನವಾಗಿ, ೧೯೫೬ರಲ್ಲಿ ಹೊಳೆಯ ಎರಡೂ ದಂಡೆ ಒಂದೇ ರಾಜ್ಯಕ್ಕೆ ಸೇರಿದ ಮೇಲೆ ಈ ಗಡಿಗಳೆಲ್ಲ ಅಳಿದುವು.

ಗಡಿ ಇದ್ದಲ್ಲಿ ಸುಂಕವುಂಟು, ಸುಂಕವಿದ್ದಲ್ಲಿ ಸರಕುಂಟು, ಸರಕಿನ ಹಿಂದೆ ಸೆಟ್ಟಿಯುಂಟು. ಡಂಬಳದ ಹಳೆಯ ಹೆಸರು ಧರ್ಮವೊಳಲು; ಧರ್ಮಪುರವೆಂದೂ ಕರೆದಿದ್ದಾರೆ. ಅದರ ಉತ್ತರಕ್ಕೆ ಲೊಕ್ಕಿಗುಂಡಿ, ಅಂದರೆ ೧೦೦೭ರಲ್ಲಿ ಅತ್ತಿಮಬ್ಬೆ ಬ್ರಹ್ಮಜಿನಾಲಯವನ್ನು ಕಟ್ಟಿಸಿದ ಲಕ್ಕುಂಡಿ. ಅಲ್ಲಿಯ ಟಂಕಸಾಲೆಯ ನಾಣ್ಯವು ಲೊಕ್ಕಿಗದ್ಯಾಣವೆಂಬ ಹೆಸರಿನಿಂದಲೇ ಚಲಾವಣೆಯಾಗುತ್ತಿದ್ದಿತು. ನಾಣ್ಯದ ಊರು ಒಂದು ಕಡೆ, ಹೊಳೆಯ ದಾಟು ಇನ್ನೊಂದು ಕಡೆ, ನಡುವೆ ಹತ್ತಿ ಜೋಳಗಳನ್ನು ಧಾರಾಳವಾಗಿ ಬೆಳೆಯುವ ಕಪ್ಪುನೆಲ. ಅಯ್ಯಾವೊಳೆಯ ಐನೂರ್ವರಂತಹ ವಣಿಕ್ಸಂಘಗಳು ಕತ್ತೆ, ಕೋಣ, ಎತ್ತುಗಳ ಮೇಲೆ ಹೇರು ಹೇರಿಕೊಂಡು ನಾಡಿನಿಂದ ನಾಡಿಗೆ ಸಂಚರಿಸುತ್ತಿದ್ದ ಆ ಯುಗದಲ್ಲಿ ಇಂಥ ಸ್ಥಳದಲ್ಲೊಂದು ಪಟ್ಟಣ ಏಳದಿದ್ದರೆ ಆಶ್ಚರ್ಯಪಡಬೇಕಾಗಿತ್ತು.

ಈ ಪಟ್ಟಣದ ಬೌದ್ಧರ ವಿಷಯವಾಗಿ ನಮಗೆ ತಿಳಿದಿರುವುದೆಲ್ಲ ಬಹುಮಟ್ಟಿಗೆ ಒಂದೇ ಒಂದು ಶಾಸನದಿಂದ. ಶಕವರ್ಷ ೧೦೧೭ರ, ಎಂದರೆ ಕ್ರಿ.ಶ. ೧೦೯೫ರ ಆ ಬರೆಹವನ್ನು ಫ್ಲೀಟ್ ಸಾಹೇಬರು ೧೮೮೧ರಲ್ಲಿ ವಿದ್ವಾಂಸರ ಮುಂದಿಟ್ಟರು. ಚಾಲುಕ್ಯ ಚಕ್ರವರ್ತಿ ತ್ರಿಭುವನಮಲ್ಲ ವಿಕ್ರಮಾದಿತ್ಯನು ಕಲ್ಯಾಣದಿಂದ ಆಳುತ್ತಿರಲು, ಅವನ ಅರಸಿ ಲಕ್ಷ್ಮಾದೇವಿಯು ಹದಿನೆಂಟು ಅಗ್ರಹಾರಗಳೊಡನೆ ಧರ್ಮಪುರದ ಆಡಳಿತವನ್ನೂ ನಡೆಸುತ್ತಿದ್ದಳು. ಆಗ ಊರಿನಲ್ಲಿ ಎರಡು ವಿಹಾರಗಳಿದ್ದುವು: ಒಂದು ಧರ್ಮವೊಳಲಿನ ಹದಿನಾರು ಮಂದಿ ಸೆಟ್ಟಿಗಳು ಕಟ್ಟಿಸಿದ ಬುದ್ಧವಿಹಾರ, ಇನ್ನೊಂದು ಲೊಕ್ಕಿಗುಂಡಿಯ ಸೆಟ್ಟಿಯೊಬ್ಬನು ಕಟ್ಟಿಸಿದ ಆರ್ಯತಾರಾದೇವಿಯ ವಿಹಾರ. ಶಾಸನವು ಇವೆರಡಕ್ಕೂ ಬಿಟ್ಟ ದತ್ತಿಯದು. ಕಟ್ಟಿಸಿದವರಲ್ಲಿ ರಾಜನಿಲ್ಲ, ದಂಡನಾಯಕನಿಲ್ಲ, ಇರುವವರೆಲ್ಲ ವ್ಯಾಪಾರಿಗಳೇ ಎಂಬುದನ್ನು ಓದುಗರು ಗಮನಿಸಬೇಕು.

ಬುದ್ಧನಿಗೆ ನಮಸ್ಕರಿಸಿ ಮೊದಲಾಗುವ ಆ ಶಾಸನವು ತಾರೆಯನ್ನು ಸ್ತುತಿಸುತ್ತ ಅವಳು ಪರಿಹರಿಸುವ ಭಯಗಳ ಪಟ್ಟಿಯನ್ನು ಕೊಡುತ್ತದೆ: ಸಿಂಹ, ಆನೆ, ಬೆಂಕಿ, ಹಾವು, ಕಳ್ಳ, ಸೆರೆಯ ಸಂಕೋಲೆ, ನೀರು, ಪಿಶಾಚಿ. ಬೌದ್ಧಶಾಸ್ತ್ರದಲ್ಲಿ ಅಷ್ಟಮಹಾಭಯಗಳೆಂದು ಹೆಸರಾದ ಇವನ್ನು ಭಿಕ್ಷುಗಳು ಮನಸ್ಸಿನ ಕಾಮಕ್ರೋಧಾದಿಗಳಿಗೆ ಸಂಕೇತವೆಂದು ವ್ಯಾಖ್ಯಾನಿಸುವುದುಂಟು. ಅದು ಅವರ ಪಾಂಡಿತ್ಯಕ್ಕೆ ತಕ್ಕದ್ದೇ. ಆದರೆ ಕಪ್ಪತಗುಡ್ಡದ ಕಣಿವೆಯಲ್ಲಿ ಕತ್ತಲೆಗೆ ಮುಂಚೆ ಹೇರನ್ನು ದಾಟಿಸಬೇಕಾದ, ತುಂಬಿದ ತುಂಗಭದ್ರೆಯಲ್ಲಿ ಸರಕಿನೊಡನೆ ಹರಿಗೋಲು ಹತ್ತಬೇಕಾದ, ಶತ್ರುರಾಜ್ಯದ ಸುಂಕದವನ ಕೈಗೆ ಸಿಕ್ಕಿ ಸೆರೆಬೀಳುವ ಶಂಕೆಯನ್ನು ಎದೆಯಲ್ಲಿಟ್ಟುಕೊಂಡ ಸೆಟ್ಟಿಗೆ ಯಾವ ವ್ಯಾಖ್ಯಾನದ ಆವಶ್ಯಕತೆ ಇದ್ದಿತು? ಆ ಪಟ್ಟಿ ಅವನ ದಿನಚರಿಯೇ ಆಗಿದ್ದಿತು. ಹದಿನಾರು ಮಂದಿ ಲೆಕ್ಕಬಲ್ಲವರು ಹಣ ಕೂಡಿಸಿ ವಿಹಾರ ಕಟ್ಟಿಸಿದ್ದರಲ್ಲಿ ಪುಣ್ಯಾಪೇಕ್ಷೆಯೊಡನೆ ಪ್ರಯಾಣದ ಕ್ಷೇಮಚಿಂತೆಯೂ ಸೇರಿದ್ದಿತೆಂದು ನಾನು ತಿಳಿಯುತ್ತೇನೆ. ಹಾಗೆ ತಿಳಿದರೆ ಅವರ ಭಕ್ತಿಗೆ ಕುಂದೇನೂ ಬಾರದು.

ತಾರೆಯು ಆ ಶತಮಾನದಲ್ಲಿ ದೂರದೂರದ ದೇಶಗಳಿಗೆ ನಡೆದ ದೇವತೆ. ಬಂಗಾಳದ ಆಚಾರ್ಯ ಅತೀಶನು ೧೦೪೨ರಲ್ಲಿ ಹಿಮಾಲಯವನ್ನು ದಾಟಿ ಟಿಬೆಟ್ಟನ್ನು ಸೇರಿ ಅಲ್ಲಿ ಅವಳ ಉಪಾಸನೆಯನ್ನು ಹರಡಿದನು. ಕನ್ನಡನಾಡಿನ ಬಳ್ಳಿಗಾವೆಯಲ್ಲಿ ದಂಡನಾಯಕ ರೂಪಭಟ್ಟಯ್ಯನು ೧೦೬೫ರಲ್ಲಿ ಜಯಂತೀ ಬೌದ್ಧವಿಹಾರವನ್ನು ಕಟ್ಟಿಸಿದನು. ಅಲ್ಲಿಯೂ ತಾರಾ ಭಗವತಿಗೆ ಪೂಜೆ ಸಲ್ಲುತ್ತಿದ್ದಿತು. ಬಳ್ಳಿಗಾವೆಯೂ ದೊಡ್ಡ ವ್ಯಾಪಾರಸ್ಥಾನವೇ. ಹಾಗಿದ್ದ ಮೇಲೆ ಡಂಬಳದ ವಿಹಾರಗಳು ಏಕೆ ಅಳಿದುವು? ವಾದದಲ್ಲಿ ಸೋತು ಬೌದ್ಧರು ನಿರ್ನಾಮವಾದರೆಂದು ಪುರಾಣಕಾರರು ಹೇಳುವುದು ಸುಲಭವಾದ ಉತ್ತರ. ನನಗೆ ಅದು ಒಪ್ಪಿಗೆಯಿಲ್ಲ. ಬಸದಿಗೆ ಊರೂರಿನಲ್ಲಿ ಗೌಡರೂ ಒಕ್ಕಲಿಗರೂ ಶ್ರಾವಕರಾಗಿ ನಿಂತರು, ಶಿವಾಲಯಕ್ಕೆ ಇಡೀ ನಾಡೇ ನಿಂತಿತು. ಡಂಬಳದ ವಿಹಾರಗಳಿಗಾದರೋ ಪೇಟೆಯ ಸೆಟ್ಟಿಗಳು ಮಾತ್ರವೇ ಆಧಾರ. ಹಳ್ಳಿಯ ನೆಲದಲ್ಲಿ ಬೇರು ಬಿಡದ ಧರ್ಮವು ವ್ಯಾಪಾರಿಯ ಮಕ್ಕಳು ಬೇರೆ ಮಠಕ್ಕೆ ನಡೆದುಕೊಳ್ಳತೊಡಗಿದೊಡನೆ ನಿರಾಶ್ರಿತವಾಯಿತು.

ಇಂದು ಡಂಬಳಕ್ಕೆ ಹೋಗುವವರು ನೋಡುವುದು ದೊಡ್ಡಬಸಪ್ಪನ ಗುಡಿಯನ್ನು. ಹನ್ನೆರಡನೆಯ ಶತಮಾನದ ಆ ದೇವಾಲಯದ ಎದುರಿನ ಭಾರಿ ನಂದಿಯಿಂದಲೇ ಅದಕ್ಕೆ ಆ ಹೆಸರು. ಗರ್ಭಗೃಹದ ಹೊರಸುತ್ತಿನ ಗೋಡೆಯನ್ನು ಸಾವಕಾಶವಾಗಿ ಸುತ್ತಿಬಂದರೆ ಶಿಲ್ಪಿಯ ಗಣಿತ ಕಣ್ಣಿಗೆ ಕಾಣುತ್ತದೆ: ಒಂದೇ ಕೇಂದ್ರದ ಮೇಲೆ ಚೌಕವನ್ನು ತಿರುತಿರುಗಿಸಿ ಬಿಡಿಸಿದ ಇಪ್ಪತ್ತನಾಲ್ಕು ಮೂಲೆಗಳ ನಕ್ಷತ್ರಾಕೃತಿ ಅದು, ಪ್ರತಿಯೊಂದು ಮೂಲೆಯೂ ಅಡಿಪಾಯದಿಂದ ಹೊರಟು ಗೋಡೆಯನ್ನು ಹತ್ತಿ ಶಿಖರದವರೆಗೂ ಕಡಿಯದೆ ಏರುತ್ತದೆ, ಹೊತ್ತು ಏರಿದಂತೆ ಒಂದೊಂದು ಮಡಿಕೆಯ ನೆರಳೂ ಪಕ್ಕದ ಮಡಿಕೆಯ ಮೇಲೆ ಜರುಗುತ್ತದೆ. ಇಂಥದನ್ನು ಕಟ್ಟಿಸಲು ಬೇಕಾದ ಧನ ಆ ಪೇಟೆಯಲ್ಲಿದ್ದಿತು. ಆದರೆ ಆಗಲೇ ಅದು ಹರಿಯುವ ದಿಕ್ಕು ಬೇರೆಯಾಗಿದ್ದಿತು.

ಮುಂದಿನ ಚರಿತ್ರೆಯನ್ನು ಚಿಕ್ಕದಾಗಿ ಹೇಳಬಹುದು. ೧೮೦೦ರ ಜುಲೈಯಲ್ಲಿ ಬಂಡುಕೋರ ಧೋಂಡಿಯಾ ವಾಘನನ್ನು ಬೆನ್ನಟ್ಟಿ ಬಂದ ಇಂಗ್ಲಿಷರ ಕರ್ನಲ್ ವೆಲ್ಲೆಸ್ಲಿ ಡಂಬಳದ ಕೋಟೆಯನ್ನು ಲಗ್ಗೆಹತ್ತಿ ಹಿಡಿದನು. ೧೮೫೮ರಲ್ಲಿ ಮುಂಡರಗಿಯ ಭೀಮರಾಯನು ಇಂಗ್ಲಿಷರ ಮೇಲೆ ಎದ್ದು ಕೊಪ್ಪಳದ ಕೋಟೆಯಲ್ಲಿ ಮಡಿದನು. ಪೇಟೆಯನ್ನು ಕೆಡಿಸಿದ್ದು ಫಿರಂಗಿಯಲ್ಲ, ರೈಲು. ಅಮೆರಿಕದ ಅಂತರ್ಯುದ್ಧದ ಕಾಲಕ್ಕೆ ಅರಳೆಯ ಬೆಲೆ ಗಗನಕ್ಕೇರಿ ಯರೆಯ ರೈತನಿಗೆ ಹಣದ ರುಚಿ ಹತ್ತಿತು. ೧೮೮೪ರ ಸುಮಾರಿಗೆ ಹೋಟಗಿಯಿಂದ ಗದಗಿಗೆ ಹಳಿ ಬಂದೊಡನೆ ಅಡತಿ ಅಂಗಡಿಗಳೂ ದಲಾಲರೂ ಗಿರಣಿಗಳೂ ಅಲ್ಲಿಗೇ ನೆರೆದರು. ಡಂಬಳಕ್ಕೆ ಉಳಿದುದು ಗುಡಿ, ಕೆರೆ, ಮತ್ತು ಹಳ್ಳಿಯ ಸಂತೆ.

ಪ್ರಕೃತಿಯ ಮಾತನ್ನೂ ಹೇಳದೆ ಈ ಸೀಮೆಯನ್ನು ಬಿಡಲಾಗದು. ಔಷಧಿಯ ಗಿಡಮೂಲಿಕೆಗಳಿಗೆ ಹೆಸರಾದ ಕಪ್ಪತಗುಡ್ಡದ ಹೊಟ್ಟೆಯಲ್ಲಿ ಚಿನ್ನವೂ ಕಬ್ಬಿಣವೂ ಇರುವುದರಿಂದ ಗಣಿಯವರ ಕಣ್ಣು ಅದರ ಮೇಲೆ ಬಿದ್ದಿತು; ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳನ್ನು ಮುಂದಿಟ್ಟುಕೊಂಡು ಜನ ಹೋರಾಡಿದ ಬಳಿಕ, ೨೦೧೯ರಲ್ಲಿ ಅದು ವನ್ಯಜೀವಿಧಾಮವಾಯಿತು. ಮಾಗಡಿಯ ಕೆರೆಗೆ ಪ್ರತಿವರ್ಷ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಮಂಗೋಲಿಯಾ, ಟಿಬೆಟ್, ಲಡಾಖ್‌ಗಳ ಕಡೆಯಿಂದ ಹಿಮಾಲಯವನ್ನು ದಾಟಿ ಬಂದಿಳಿಯುತ್ತವೆ. ಹಗಲೆಲ್ಲ ನೀರಿನ ಮೇಲೆ ತೂಕಡಿಸುತ್ತ ಕುಳಿತು, ಹೊತ್ತು ಮುಳುಗಿದ ಮೇಲೆ ಸಾಲುಗಟ್ಟಿ ಸುತ್ತಲಿನ ಹೊಲಗಳಿಗೆ ಮೇಯಲು ಹಾರುತ್ತವೆ. ಶೇಂಗಾ, ಕಡಲೆ ಬೆಳೆದವರು ಅವನ್ನು ಹೊಗಳುತ್ತಾರೆಂದು ಹೇಳಲಾರೆ. ೨೦೨೪ರಲ್ಲಿ ಈ ಕೆರೆ ಜಗತ್ತಿನ ಮಹತ್ತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಯನ್ನು ಸೇರಿತು. ಆ ಹಕ್ಕಿಗಳ ದೇಶದ ಮನುಷ್ಯರೂ ಈಗ ನಮಗೆ ಅಪರಿಚಿತರಲ್ಲ. ೧೯೬೬ರಲ್ಲಿ ಮುಂಡಗೋಡಿನಲ್ಲಿ ನೆಲೆಯೂರಿದ ಟಿಬೆಟಿಯನ್ನರು ಚಳಿಗಾಲದಲ್ಲಿ ನಮ್ಮ ಪೇಟೆಗಳಿಗೆ ಬಂದು ಉಣ್ಣೆಯ ಸ್ವೆಟರುಗಳನ್ನು ಮಾರುತ್ತಾರೆ. ಅವರು ಡೋಲ್ಮಾ ಎಂದು ನಿತ್ಯ ಪೂಜಿಸುವ ದೇವಿ ಧರ್ಮವೊಳಲಿನ ಆ ತಾರೆಯೇ. ಹೀಗೆ ಅವಳ ಭಕ್ತರು ವ್ಯಾಪಾರದ ನೆಪದಿಂದಲೇ ಈ ಸೀಮೆಯ ಸಮೀಪಕ್ಕೆ ಮರಳಿದರೆನ್ನಬೇಕು.

ಇಷ್ಟೆಲ್ಲ ತಿಳಿದದ್ದು ಒಂದು ಕಲ್ಲು ಉಳಿದುದರಿಂದ. ನಮ್ಮ ಹಳ್ಳಿಗಳಲ್ಲಿ ಅಕ್ಷರವಿರುವ ಕಲ್ಲುಗಳು ಇನ್ನೂ ಎಷ್ಟೋ ಕಡೆ ಅರಿವೆ ಒಗೆಯುವ ಬಂಡೆಗಳಾಗಿ, ದನದ ಕೊಟ್ಟಿಗೆಯ ಹೊಸ್ತಿಲುಗಳಾಗಿ, ಹೊಲದ ಬದುವಿನ ಗುರುತುಗಳಾಗಿ ಬಿದ್ದಿರುತ್ತವೆ. ಪುಲಿಗೆರೆ ಬೆಳ್ವೊಲಗಳ ಯಾವ ಊರಿನಲ್ಲಾದರೂ ಅಂಥದೊಂದು ಕಣ್ಣಿಗೆ ಬಿದ್ದರೆ ಅದರ ಮೇಲೆ ಸುಣ್ಣ ಬಳಿಯದೆ, ಎಣ್ಣೆ ಹೊಯ್ಯದೆ, ಸ್ಪಷ್ಟವಾದ ಒಂದು ಚಿತ್ರವನ್ನು ತೆಗೆದು ಪುರಾತತ್ತ್ವ ಇಲಾಖೆಗೋ ವಿಶ್ವವಿದ್ಯಾಲಯದ ಶಾಸನ ವಿಭಾಗಕ್ಕೋ ಕಳುಹಿಸಿಕೊಡಬೇಕೆಂದು ಓದುಗರಲ್ಲಿ ನನ್ನ ಬಿನ್ನಹ.